ಹುಣ್ಣು ಮಾಯವಾದ ಮೇಲೆ ಏಳುವ ಗೆಡ್ಡೆ

ಬರಿಗಾಲಲ್ಲಿ ಹೊಲ ಗದ್ದೆ ತಿರುಗಿದವರಿಗೆ ಇದು ಗೊತ್ತಿರುವ ಸಂಗತಿ. ಅಂಗಾಲಿಗೆ ಮುಳ್ಳು ಮುರಿದು ಕೀವಾದರೆ ಎರಡು ಮೂರು ದಿನಕ್ಕೆ ತೊಡೆಸಂದಿಯಲ್ಲಿ ಗೆಡ್ಡೆ ಕಟ್ಟುತ್ತದೆ, ಮೈ ಕಾಯುತ್ತದೆ. ಮುಳ್ಳು ತೆಗೆದು ಗಾಯ ಮಾಗಿತೆಂದರೆ ಗೆಡ್ಡೆಯೂ ತಾನಾಗಿ ಇಳಿಯುತ್ತದೆ. ಕಾಲಿನಿಂದ, ಜನನಾಂಗದಿಂದ, ಗುದದ್ವಾರದ ಸುತ್ತಲಿನ ಚರ್ಮದಿಂದ ಹರಿದು ಬರುವ ದುಗ್ಧರಸವೆಲ್ಲ ಸೇರುವುದು ತೊಡೆಸಂದಿಯ ಗ್ರಂಥಿಗಳಿಗೆ. ಒಳನುಗ್ಗಿದ ರೋಗಾಣುವನ್ನು ಹಿಡಿದು ನಿಲ್ಲಿಸುವ ತಪಾಸಣಾ ಠಾಣೆಗಳಿದ್ದಂತೆ ಅವು. ಒಳಗೆ ಹೋರಾಟ ನಡೆದಿದೆ ಎನ್ನುವುದಕ್ಕೆ ಹೊರಗೆ ಕಾಣುವ ಗುರುತೇ ಆ ಊತ.

ಕಾಲಲ್ಲಿ ಮುಳ್ಳಿಲ್ಲ, ಗಾಯವೂ ಇಲ್ಲ, ಗೆಡ್ಡೆ ಮಾತ್ರ ದಿನೇ ದಿನೇ ದೊಡ್ಡದಾಗುತ್ತಿದೆ ಎಂದಾದರೆ? ನಡೆದರೆ ತೊಡೆ ತಾಗಿ ಜೀವ ಹೋಗುವಷ್ಟು ನೋವು, ಸಂಜೆಗೆ ಜ್ವರ, ಗೆಡ್ಡೆಯ ಮೇಲಿನ ಚರ್ಮ ಕೆಂಪಾಗಿ ತೆಳುವಾಗುತ್ತಿದೆ. ಆಗ ವೈದ್ಯರ ಮನಸ್ಸಿನಲ್ಲಿ ಸುಳಿಯುವ ಹೆಸರುಗಳಲ್ಲಿ ಕ್ಷಯವಿರುತ್ತದೆ, ಷಾಂಕ್ರಾಯ್ಡ್ ಎಂಬ ಲೈಂಗಿಕ ಸೋಂಕಿರುತ್ತದೆ, ಕ್ಯಾನ್ಸರ್ ಕೂಡ ಇರುತ್ತದೆ. ಇವುಗಳ ನಡುವೆ ಈಗಿನ ತಲೆಮಾರಿನ ವೈದ್ಯರು ಪಠ್ಯಪುಸ್ತಕದಲ್ಲಿ ಓದಿದ್ದೇ ಹೆಚ್ಚು, ಕಣ್ಣಾರೆ ಕಂಡದ್ದು ಕಡಿಮೆ ಎನ್ನಬಹುದಾದ ಒಂದು ಕಾಯಿಲೆಯಿದೆ. ಲಿಂಫೋಗ್ರಾನುಲೋಮಾ ವೆನೆರಿಯಂ ಎಂಬುದು ಅದರ ಉದ್ದನೆಯ ಹೆಸರು. ಚರ್ಮ ಮತ್ತು ಗುಹ್ಯರೋಗ ವಿಭಾಗಗಳಲ್ಲಿ ಎಲ್‌ಜಿವಿ ಎಂದರೆ ಸಾಕು.

ಇದನ್ನು ತರುವುದು ಕ್ಲಮೀಡಿಯಾ ಟ್ರಕೋಮಾಟಿಸ್ ಎಂಬ ಬ್ಯಾಕ್ಟೀರಿಯಾ. ಒಂದೇ ಜಾತಿಯ ಈ ಅಣುಜೀವಿಯಲ್ಲಿ ಹಲವು ಬಗೆಗಳಿವೆ. ಎ, ಬಿ, ಬಿಎ, ಸಿ ಬಗೆಗಳು ಕಣ್ಣಿಗೆ ಅಂಟಿ ಟ್ರಕೋಮಾ ತರುತ್ತವೆ; ಆ ರೋಗವನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯ ಮಟ್ಟದಿಂದ ಭಾರತ ತೊಲಗಿಸಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರ ಅಕ್ಟೋಬರ್‌ನಲ್ಲಿ ಘೋಷಿಸಿತು. ಡಿ ಯಿಂದ ಕೆ ವರೆಗಿನವು ಮೂತ್ರನಾಳ, ಗರ್ಭಕೊರಳಿನ ಒಳಪದರದಲ್ಲಿ ಬೇರೂರುತ್ತವೆ. ಎಲ್1, ಎಲ್2, ಎಲ್3 ಬಗೆಗಳ ದಾರಿಯೇ ಬೇರೆ. ಅವು ಮೇಲ್ಪದರಕ್ಕೆ ತೃಪ್ತಿಪಡುವುದಿಲ್ಲ. ಒಳಗಿಳಿಯುತ್ತವೆ. ರೋಗಾಣುಗಳನ್ನು ನುಂಗಿ ಹಾಕಬೇಕಾದ ರಕ್ಷಣಾ ಕೋಶಗಳ ಹೊಟ್ಟೆಯಲ್ಲೇ ಬದುಕುಳಿದು, ಅವುಗಳ ಜೊತೆಯಲ್ಲೇ ದುಗ್ಧರಸ ಗ್ರಂಥಿಗೆ ಹೋಗಿ ಸೇರುತ್ತವೆ.

ಸೋಂಕು ತಗಲಿದ ಮೂರರಿಂದ ಮೂವತ್ತು ದಿನದೊಳಗೆ ಜನನಾಂಗದ ಮೇಲೆ, ಒಳಗೆ ಅಥವಾ ಗುದದ ಬಳಿ ಒಂದು ಸಣ್ಣ ಗುಳ್ಳೆಯೋ ಹುಣ್ಣೋ ಏಳುತ್ತದೆ. ಅದು ನೋಯುವುದಿಲ್ಲ, ಕೆಲವೇ ದಿನದಲ್ಲಿ ಗುರುತೂ ಉಳಿಯದಂತೆ ಮಾಯುತ್ತದೆ. ಹೆಚ್ಚಿನವರು ಅದನ್ನು ನೋಡಿಯೇ ಇರುವುದಿಲ್ಲ; ನೋಡಿದವರು ಬೆವರುಗುಳ್ಳೆ ಎಂದುಕೊಂಡು ಮರೆತಿರುತ್ತಾರೆ. ಎರಡರಿಂದ ಆರು ವಾರ ಕಳೆದ ಮೇಲೆ ಗೆಡ್ಡೆ ಏಳುತ್ತದೆ. ಮೂರರಲ್ಲಿ ಎರಡು ಪಾಲು ರೋಗಿಗಳಲ್ಲಿ ಒಂದೇ ಬದಿಗೆ. ತೊಡೆಸಂದಿಯಲ್ಲಿ ಓರೆಯಾಗಿ ಹಾದುಹೋಗುವ ಗಟ್ಟಿ ಪಟ್ಟಿಯೊಂದಿದೆ. ಅದರ ಮೇಲಿನ ಗ್ರಂಥಿಗಳೂ ಕೆಳಗಿನ ಗ್ರಂಥಿಗಳೂ ಒಟ್ಟಿಗೆ ಊದಿದಾಗ ನಡುವೆ ಉದ್ದನೆಯ ಕಾಲುವೆಯೊಂದು ಬೀಳುತ್ತದೆ. ಬೆರಳಿಟ್ಟು ಎಳೆದರೆ ಸ್ಪಷ್ಟವಾಗಿ ಸಿಗುವ ಈ ಗುರುತು ಎಲ್ಲರಲ್ಲೂ ಇರುವುದಿಲ್ಲ. ಹತ್ತು ಜನರಲ್ಲಿ ಒಬ್ಬಿಬ್ಬರಲ್ಲಿ ಕಾಣಬಹುದು, ಕಂಡರೆ ಅನುಭವಿ ವೈದ್ಯರಿಗೆ ಅನುಮಾನ ಮೂಡುತ್ತದೆ.

ರೋಗ ಹೊಕ್ಕದ್ದು ಒಂದು ಕಡೆ, ನೋಯುವುದು ಇನ್ನೊಂದು ಕಡೆ. ನಡುವೆ ಇಷ್ಟು ದಿನಗಳ ಅಂತರ. ರೋಗಿಯಾದರೂ ಹೇಗೆ ಹೊಂದಿಸಿಕೊಂಡಾನು? ಆ ನಡುವಿನ ಕಥೆಯನ್ನು ಯಾರಾದರೂ ಕೇಳಬೇಕು, ರೋಗಿ ಹೇಳಬೇಕು. ಎಲ್‌ಜಿವಿಯ ಚರಿತ್ರೆಯನ್ನು ತಿರುವಿದರೆ, ಆ ಪ್ರಶ್ನೆ ಕೇಳದೆ ಹೋದಾಗಲೆಲ್ಲ ಕಾಯಿಲೆ ಗೆದ್ದಿದೆ.

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಉಷ್ಣವಲಯದ ಬಂದರುಗಳಿಗೆ ಬರುತ್ತಿದ್ದ ಐರೋಪ್ಯ ನಾವಿಕರ ತೊಡೆಸಂದಿಯಲ್ಲಿ ಇಂಥ ಗೆಡ್ಡೆಗಳನ್ನು ಕಂಡ ಹಡಗಿನ ವೈದ್ಯರು ಅದಕ್ಕೆ ಹವಾಮಾನದ ಗೆಡ್ಡೆ ಎಂದು ಹೆಸರಿಟ್ಟರು. ಸೆಕೆ, ಆರ್ದ್ರತೆ, ಮಲೇರಿಯಾ, ಅತಿ ದುಡಿಮೆ ಎಲ್ಲದರ ಮೇಲೂ ಆರೋಪ ಬಿತ್ತು. ನಾವಿಕ ಬಂದರಿನಲ್ಲಿ ಇಳಿದ ರಾತ್ರಿ ಎಲ್ಲಿ ಕಳೆದ ಎಂಬುದನ್ನು ಯಾರೂ ಗಂಭೀರವಾಗಿ ಎತ್ತಲಿಲ್ಲ. ಅದು ಪ್ಲೇಗಿನ ಕಾಲವೂ ಹೌದು. ಇದು ಪ್ಲೇಗಿನದೇ ಸೌಮ್ಯ ರೂಪವಿರಬಹುದು ಎಂದು ವಾದಿಸಿದ ವೈದ್ಯರೂ ಇದ್ದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಕಂಕುಳಲ್ಲೋ ತೊಡೆಸಂದಿಯಲ್ಲೋ ಗೆಡ್ಡೆ ಇದೆ ಎಂದರೆ ಮನೆಮಂದಿ ನಡುಗುತ್ತಿದ್ದ ದಿನಗಳವು. ಆ ಭಯದ ನಡುವೆ ಬೇರೊಂದು ಕಾಯಿಲೆಯ ಗೆಡ್ಡೆಯನ್ನು ಬೇರೆಯಾಗಿ ಗುರುತಿಸುವ ವ್ಯವಧಾನ, ಸಾಧನ ಎರಡೂ ಇರಲಿಲ್ಲ.

ಫ್ರಾನ್ಸಿನ ಲಿಯೋನ್ ನಗರದ ಡ್ಯುರಾಂಡ್, ನಿಕೋಲಾ, ಫಾವ್ರ್ ಎಂಬ ಮೂವರು ವೈದ್ಯರು 1913ರಲ್ಲಿ ಇದನ್ನು ಸ್ವತಂತ್ರ ಲೈಂಗಿಕ ರೋಗವೆಂದು ವಿವರಿಸಿದರು. ಹನ್ನೆರಡು ವರ್ಷಗಳ ನಂತರ, 1925ರಲ್ಲಿ, ಜರ್ಮನಿಯ ಚರ್ಮರೋಗ ತಜ್ಞ ವಿಲ್ಹೆಲ್ಮ್ ಫ್ರೈ ಒಂದು ಸರಳ ಪರೀಕ್ಷೆ ಕಂಡುಹಿಡಿದರು. ರೋಗಿಯ ಗೆಡ್ಡೆಯಿಂದ ತೆಗೆದ ಕೀವನ್ನು ಉಪ್ಪುನೀರಲ್ಲಿ ತೆಳುವಾಗಿಸಿ, ಬಿಸಿ ಮಾಡಿ ರೋಗಾಣು ಸಾಯಿಸಿ, ಅದರ ಒಂದು ಹನಿಯನ್ನು ಇನ್ನೊಬ್ಬರ ಮುಂಗೈ ಚರ್ಮದೊಳಗೆ ಚುಚ್ಚುವುದು. ಆ ವ್ಯಕ್ತಿಗೆ ಎಲ್‌ಜಿವಿ ಆಗಿದ್ದರೆ ಎರಡು ದಿನದಲ್ಲಿ ಅಲ್ಲಿ ಕೆಂಪು ಗಂಟು ಏಳುತ್ತಿತ್ತು. ಇಂದಿನ ಕಣ್ಣಿಗೆ ಒರಟೆನಿಸುವ ಈ ಪರೀಕ್ಷೆ ದೊಡ್ಡದೊಂದು ಸತ್ಯವನ್ನು ಬಯಲಿಗೆಳೆಯಿತು. ಗುದನಾಳ ಕಿರಿದಾಗಿ ಮಲವಿಸರ್ಜನೆಯೇ ನರಕವಾಗಿದ್ದ ಹೆಂಗಸರಿದ್ದರು. ಜನನಾಂಗ ಊದಿ, ಕೊಳೆತು, ರೂಪಗೆಟ್ಟವರಿದ್ದರು. ಅವರ ಅವಸ್ಥೆಗೆ ಸಿಫಿಲಿಸ್, ಕ್ಷಯ ಎಂದೆಲ್ಲ ಹೆಸರು ಹಚ್ಚಲಾಗಿತ್ತು. ಅವರ ಮುಂಗೈಗಳ ಮೇಲೂ ಅದೇ ಕೆಂಪು ಗಂಟು ಎದ್ದಿತು. ನಾವಿಕರ ಗೆಡ್ಡೆಯೂ ಈ ಹೆಂಗಸರ ನರಳಾಟವೂ ಒಂದೇ ರೋಗದ ಎರಡು ಮುಖಗಳು ಎಂದು ಆಗ ತಿಳಿಯಿತು. ಯಹೂದಿಯಾಗಿದ್ದ ಫ್ರೈ ನಾಜಿಗಳ ಕಾಲದಲ್ಲಿ ದೇಶ ಬಿಡಬೇಕಾಯಿತು. 1943ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು.

ಹೆಣ್ಣಿಗೇ ಏಕೆ ಇಷ್ಟು ಕೆಟ್ಟ ಗತಿ? ಉತ್ತರ ಅಂಗರಚನೆಯಲ್ಲಿದೆ. ಪುರುಷನ ಜನನಾಂಗದಿಂದ ದುಗ್ಧರಸ ತೊಡೆಸಂದಿಗೆ ಹರಿಯುತ್ತದೆ, ಹಾಗಾಗಿ ಗೆಡ್ಡೆ ಕಣ್ಣಿಗೆ ಬೀಳುತ್ತದೆ, ನೋವು ಅವನನ್ನು ಆಸ್ಪತ್ರೆಗೆ ದೂಡುತ್ತದೆ. ಯೋನಿಯ ಮೇಲ್ಭಾಗ ಮತ್ತು ಗರ್ಭಕೊರಳಿನಿಂದ ಅದು ಹರಿಯುವುದು ಕಿಬ್ಬೊಟ್ಟೆಯ ಆಳದಲ್ಲಿ, ಗುದನಾಳದ ಆಸುಪಾಸಿನಲ್ಲಿರುವ ಗ್ರಂಥಿಗಳಿಗೆ. ಸೋಂಕು ತಗಲಿದ ಹೆಂಗಸರಲ್ಲಿ ತೊಡೆಸಂದಿಯ ಗೆಡ್ಡೆ ಕಾಣುವುದು ಶೇ 20ರಿಂದ 30ರಷ್ಟು ಮಂದಿಯಲ್ಲಿ ಮಾತ್ರ. ಉಳಿದವರಿಗೆ ಸೊಂಟ ನೋವು, ಕಿಬ್ಬೊಟ್ಟೆ ನೋವು. ನಮ್ಮಲ್ಲಿ ಹೆಣ್ಣುಮಗಳೊಬ್ಬಳು ಸೊಂಟ ನೋವೆಂದರೆ ಬಿಸಿನೀರು ಹಾಕಿಕೋ, ಭಾರ ಎತ್ತಬೇಡ ಎನ್ನುವಲ್ಲಿಗೆ ಮಾತು ಮುಗಿಯುತ್ತದೆ. ವರ್ಷಗಳು ಸರಿದಂತೆ ಒಳಗಿನ ಉರಿಯೂತ ಗಾಯದ ಕಲೆಯಾಗಿ ಗಟ್ಟಿಯಾಗುತ್ತದೆ. ಗುದನಾಳ ಕಿರಿದಾಗುತ್ತದೆ, ಭಗಂದರ ಬಾಯಿ ತೆರೆಯುತ್ತದೆ, ದುಗ್ಧನಾಳಗಳು ಮುಚ್ಚಿ ಜನನಾಂಗ ಆನೆಕಾಲಿನ ಹಾಗೆ ಊದಿಕೊಳ್ಳುತ್ತದೆ. ಕಲಬುರಗಿ ಕಡೆಯ ಹಾಗೂ ಕರಾವಳಿಯ ಜಿಲ್ಲೆಗಳಿಗೆ ಸೊಳ್ಳೆಯಿಂದ ಬರುವ ಆನೆಕಾಲು ರೋಗದ ಪರಿಚಯವಿದೆ. ಅಲ್ಲಿ ನಾಳ ಕೆಡಿಸುವುದು ಹುಳು, ಇಲ್ಲಿ ಬ್ಯಾಕ್ಟೀರಿಯಾ. ಆ ಹಂತಕ್ಕೆ ಹೋದ ಮೇಲೆ ಮಾತ್ರೆ ರೋಗಾಣುವನ್ನು ಕೊಲ್ಲುತ್ತದೆ, ಕೆಟ್ಟ ಅಂಗವನ್ನು ಸರಿಪಡಿಸುವುದಿಲ್ಲ, ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು.

ಈ ಹಿನ್ನೆಲೆಯಲ್ಲಿ ನೋಡಿದರೆ ಬ್ರಿಟಿಷರ ಲಾಕ್ ಆಸ್ಪತ್ರೆಗಳ ಕಥೆ ಇನ್ನಷ್ಟು ಕಹಿಯಾಗಿ ಕಾಣುತ್ತದೆ. ದಂಡಿನ ಸಿಪಾಯಿಗಳಿಗೆ ಗುಹ್ಯರೋಗ ಹತ್ತದಿರಲಿ ಎಂದು ಮದ್ರಾಸ್ ಪ್ರಾಂತ್ಯದಲ್ಲೆಲ್ಲ ಇವನ್ನು ತೆರೆಯಲಾಗಿತ್ತು, ಬೆಂಗಳೂರಿನ ದಂಡು ಪ್ರದೇಶದಲ್ಲೂ ಒಂದಿತ್ತು. 1868ರ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ ವೇಶ್ಯೆಯರ ಹೆಸರು ದಾಖಲಿಸಿ, ಆಗಾಗ ಕರೆಸಿ, ಬಲವಂತದ ತಪಾಸಣೆ ಮಾಡಿ, ರೋಗ ಕಂಡರೆ ಕೂಡಿಹಾಕುತ್ತಿದ್ದರು. ಕಾಯ್ದೆಯ ಭಾರ ಬಿದ್ದದ್ದು ಹೆಣ್ಣಿನ ಮೇಲೆ ಮಾತ್ರ. ಹೆಣ್ಣಿನ ಮೈಮೇಲೆ ಬಹುಪಾಲು ಏನನ್ನೂ ತೋರಿಸದ ಎಲ್‌ಜಿವಿಯಂಥ ರೋಗದ ಮುಂದೆ ಈ ತಪಾಸಣೆಯಿಂದ ಅವಮಾನವಲ್ಲದೆ ಬೇರೇನೂ ಹುಟ್ಟುವಂತಿರಲಿಲ್ಲ. ಇಂಗ್ಲೆಂಡಿನ ಸುಧಾರಕಿ ಜೋಸೆಫೀನ್ ಬಟ್ಲರ್ ಮೊದಲಾದವರ ಹೋರಾಟದ ಒತ್ತಡಕ್ಕೆ ಮಣಿದು 1888ರಲ್ಲಿ ಭಾರತದ ಕಾಯ್ದೆಯನ್ನು ರದ್ದು ಮಾಡಲಾಯಿತು. ಅದರ ನೆರಳು ಬೇಗ ಹೋಗಲಿಲ್ಲ. ಲೈಂಗಿಕ ರೋಗದ ದವಾಖಾನೆ ಎಂದರೆ ಪೊಲೀಸು, ದಫ್ತರು, ಬಯ್ಗುಳ ಎಂಬ ಅಂಜಿಕೆ ತಲೆಮಾರುಗಳ ಕಾಲ ಉಳಿಯಿತು.

ಫ್ರೈ ಪರೀಕ್ಷೆ ಬಂದ ಮೇಲೂ ರೋಗಾಣು ಯಾವುದೆಂದು ಯಾರಿಗೂ ಖಚಿತವಿರಲಿಲ್ಲ. ಬ್ಯಾಕ್ಟೀರಿಯಾಗಳನ್ನು ತಡೆಯುವ ಸೋಸುಗಗಳಲ್ಲೂ ತೂರಿ ಹೋಗುತ್ತಿತ್ತು, ಜೀವಕೋಶದ ಹೊರಗೆ ಬೆಳೆಯುತ್ತಿರಲಿಲ್ಲ. ಹಾಗಾಗಿ ಬಹುಕಾಲ ವೈರಸ್ ಎಂದೇ ಎಣಿಸಿದ್ದರು. ಅದರ ಹತ್ತಿರದ ಬಂಧು ಟ್ರಕೋಮಾದ ರೋಗಾಣುವನ್ನು ಮೊಟ್ಟಮೊದಲು ಬೇರ್ಪಡಿಸಿ ಬೆಳೆಸಿದವರು ಚೀನಾದ ತಾಂಗ್ ಫೈಫಾನ್. ಕೋಳಿಮೊಟ್ಟೆಯ ಭ್ರೂಣದ ಹಳದಿ ಚೀಲದಲ್ಲಿ ಬೆಳೆಸಿದ್ದನ್ನು 1957ರಲ್ಲಿ ಪ್ರಕಟಿಸಿ, ಅನುಮಾನ ಉಳಿಯದಿರಲಿ ಎಂದು ಅದನ್ನು ತಮ್ಮ ಕಣ್ಣಿಗೇ ಹಾಕಿಕೊಂಡು, ರೋಗ ಏಳುವವರೆಗೂ ಔಷಧ ಮುಟ್ಟದೆ ಕಾದರು. ಮರುವರ್ಷ ರಾಜಕೀಯ ಕಿರುಕುಳ ತಾಳಲಾರದೆ ಪ್ರಾಣ ಕಳೆದುಕೊಂಡರು. 1960ರ ದಶಕದ ಹೊತ್ತಿಗೆ ಕ್ಲಮೀಡಿಯಾ ಬ್ಯಾಕ್ಟೀರಿಯಾವೇ ಎಂಬುದು ಸ್ಥಿರವಾಯಿತು. ಎರಡು ರೂಪಗಳಲ್ಲಿ ಬಾಳುವ ಜೀವಿ ಅದು. ಕೋಶದಿಂದ ಕೋಶಕ್ಕೆ ಹೋಗುವಾಗ ಗಟ್ಟಿ ಕವಚದ ಪುಟ್ಟ ಕಣ, ಒಳಹೊಕ್ಕ ಮೇಲೆ ದೊಡ್ಡದಾಗಿ ಇಬ್ಭಾಗವಾಗುತ್ತಾ ಹೋಗುವ ಇನ್ನೊಂದು ರೂಪ. ಎರಡು ಮೂರು ದಿನದಲ್ಲಿ ಕೋಶ ಒಡೆದು ನೂರಾರು ಹೊಸ ಕಣಗಳು ಹೊರಬರುತ್ತವೆ. ಕೋಶದೊಳಗೆ ಅಡಗುವ ಈ ಸ್ವಭಾವದಿಂದಾಗಿಯೇ ನಾಲ್ಕೈದು ದಿನದ ಔಷಧ ಇದಕ್ಕೆ ಸಾಲುವುದಿಲ್ಲ.

ಆ್ಯಂಟಿಬಯೋಟಿಕ್‌ಗಳ ಯುಗ ಬಂದ ಮೇಲೆ ಶ್ರೀಮಂತ ದೇಶಗಳು ಎಲ್‌ಜಿವಿಯನ್ನು ಮರೆತೇಬಿಟ್ಟವು. ನೆದರ್ಲೆಂಡ್ಸ್‌ನಲ್ಲಿ ವರ್ಷಕ್ಕೆ ಐದು ಪ್ರಕರಣಗಳೂ ಇರುತ್ತಿರಲಿಲ್ಲ. 2003ರಲ್ಲಿ ರಾಟರ್‌ಡ್ಯಾಮ್‌ನ ಎರಾಸ್ಮಸ್ ವೈದ್ಯಕೀಯ ಕೇಂದ್ರಕ್ಕೆ ಗುದನೋವು, ರಕ್ತ, ಲೋಳೆ, ಮಲಬದ್ಧತೆ ಎಂದು ಪುರುಷರು ಒಬ್ಬರ ಹಿಂದೆ ಒಬ್ಬರು ಬರತೊಡಗಿದರು. ಬಹುತೇಕರಿಗೆ ತೊಡೆಸಂದಿಯ ಗೆಡ್ಡೆ ಎದ್ದು ಕಾಣುತ್ತಿರಲಿಲ್ಲ. ಎಲ್ಲರೂ ಪುರುಷರೊಂದಿಗೆ ಸಂಬಂಧವಿದ್ದ ಪುರುಷರು, ಹೆಚ್ಚಿನವರಲ್ಲಿ ಎಚ್‌ಐವಿಯೂ ಇತ್ತು. ಸೋಂಕು ಗುದನಾಳದಲ್ಲೇ ಹೊಕ್ಕಾಗ ಊದುವುದು ಒಳಗಿನ ಗ್ರಂಥಿಗಳು. ಅಂದರೆ ಒಂದು ಕಾಲಕ್ಕೆ ಹೆಂಗಸರ ಒಡಲಲ್ಲಿ ಅಡಗಿದ್ದ ಹಾಗೆಯೇ ಇವರಲ್ಲೂ ಅಡಗಿತ್ತು. ಒಳನಾಳ ನೋಡಿದರೆ ಕ್ರೋನ್ಸ್ ಎಂಬ ಕರುಳಿನ ಕಾಯಿಲೆಯನ್ನೇ ಹೋಲುವ ಹುಣ್ಣುಗಳು. 2004ರ ಸೆಪ್ಟೆಂಬರ್ ಹೊತ್ತಿಗೆ ಆ ದೇಶದಲ್ಲಿ ಖಚಿತವಾದ ಪ್ರಕರಣಗಳು 92. ಎಲ್2ಬಿ ಎಂಬ ಉಪಬಗೆ ಇದಕ್ಕೆ ಕಾರಣ ಎಂದು ತಿಳಿದ ಮೇಲೆ ವಿಜ್ಞಾನಿಗಳು ಶೈತ್ಯಾಗಾರದಲ್ಲಿದ್ದ ಹಳೆಯ ಮಾದರಿಗಳನ್ನು ತೆಗೆದು ನೋಡಿದರು. 1980ರ ದಶಕದ ಸ್ಯಾನ್‌ಫ್ರಾನ್ಸಿಸ್ಕೊ ಮಾದರಿಗಳಲ್ಲೂ ಅದೇ ಎಲ್2ಬಿ ಸಿಕ್ಕಿತು. ಹೊಸದಾಗಿ ಬಂದದ್ದು ಎಂದುಕೊಂಡಿದ್ದ ಸೋಂಕು ಇಪ್ಪತ್ತು ವರ್ಷ ಸದ್ದಿಲ್ಲದೆ ಹರಿದಾಡಿತ್ತು. ಈಗ ಯುರೋಪಿನಲ್ಲಿ ವರ್ಷಕ್ಕೆ ಸಾವಿರಗಳ ಲೆಕ್ಕದಲ್ಲಿ ವರದಿಯಾಗುತ್ತಿದೆ.

ಕರ್ನಾಟಕದ ಯಾವುದೇ ಬಸ್ ನಿಲ್ದಾಣದ ಗೋಡೆ ನೋಡಿ. ಮೂಲವ್ಯಾಧಿ, ಭಗಂದರ, ಫಿಶರ್, ಆಪರೇಷನ್ ಇಲ್ಲದೆ ಗುಣ ಎಂಬ ಬೋರ್ಡು ಇದ್ದೇ ಇರುತ್ತದೆ. ಗುದದಿಂದ ರಕ್ತ ಬಂತೆಂದರೆ ನಮ್ಮ ಜನಕ್ಕೆ ಮೊದಲು ತೋಚುವುದು ಮೂಲವ್ಯಾಧಿ. ಹತ್ತರಲ್ಲಿ ಒಂಬತ್ತು ಸಲ ಅದು ನಿಜವೂ ಇರಬಹುದು. ಉಳಿದವರ ಪೈಕಿ ಗಂಡಸರೊಂದಿಗೆ ಸಂಬಂಧವಿರುವ ಗಂಡಸು ಆ ವಿಷಯವನ್ನು ಬಾಯಿಬಿಟ್ಟು ಹೇಳದಂತೆ ಕಾನೂನೇ ಹೆದರಿಸುತ್ತಿತ್ತು. ಅಂಥ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಸೆಕ್ಷನ್ 377ರ ಭಾಗವನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು 2018ರ ಸೆಪ್ಟೆಂಬರ್ 6ರಂದು. ಕಾನೂನಿನ ಭಯ ಹೋದರೂ ಮನೆಯ, ಊರಿನ ಭಯ ಹೋಗಿಲ್ಲ. ವೈದ್ಯರು ಮುಖ ಸಿಂಡರಿಸದೆ ಕೇಳಿದರೆ ಮಾತ್ರ ಆ ಮಾತು ಹೊರಬರುತ್ತದೆ.

ಕೇಳುವ ಬಗೆ ಹೇಗಿರಬೇಕು ಎಂಬುದಕ್ಕೆ ಸುರಕ್ಷಾ ಕ್ಲಿನಿಕ್‌ಗಳನ್ನು ನೋಡಬೇಕು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಯೋಜನೆಯಡಿ ಜಿಲ್ಲಾ ಆಸ್ಪತ್ರೆ, ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಇವು ಉಚಿತವಾಗಿ ನಡೆಯುತ್ತವೆ. ಲಾರಿಯಲ್ಲಿ ಊರೂರು ತಿರುಗುವ ಯುವಕನೊಬ್ಬ ತೊಡೆಸಂದಿಯಲ್ಲಿ ಗೆಡ್ಡೆ ಎಂದು ಬಂದು ಕೂತನೆನ್ನಿ. ‘ಕಾಲಿಗೇನಾದರೂ ಪೆಟ್ಟಾಗಿತ್ತಾ?’ ಎಂದು ವೈದ್ಯೆ ಕೇಳುತ್ತಾರೆ. ‘ಇಲ್ಲ ಮೇಡಂ.’ ‘ಒಂದೆರಡು ತಿಂಗಳ ಹಿಂದೆ ಕೆಳಗೆ ಗುಳ್ಳೆ ಗಿಳ್ಳೆ ಏನಾದರೂ ಎದ್ದು ಹೋಗಿತ್ತಾ?’ ಅವನು ಬಾಗಿಲ ಕಡೆ ನೋಡುತ್ತಾನೆ, ಮುಚ್ಚಿದೆ ಎಂದು ಖಾತ್ರಿಯಾದ ಮೇಲೆ ಹೇಳುತ್ತಾನೆ, ‘ಸಣ್ಣದೊಂದು ಇತ್ತು ಮೇಡಂ, ನೋವಿರಲಿಲ್ಲ, ಅದೇ ಹೋಯ್ತು.’ ಅಷ್ಟು ಸಿಕ್ಕರೆ ಅರ್ಧ ರೋಗನಿರ್ಣಯ ಆದ ಹಾಗೆ. ಎಲ್ ಬಗೆಯನ್ನು ಬೇರೆ ಕ್ಲಮೀಡಿಯಾಗಳಿಂದ ವಿಂಗಡಿಸುವ ಜೀನ್ ಪರೀಕ್ಷೆ ಎಲ್ಲೆಡೆ ಸಿಗುವಂಥದ್ದಲ್ಲ. ಅದಕ್ಕಾಗಿ ಕಾಯುತ್ತ ಕೂರುವ ಬದಲು ಲಕ್ಷಣ ನೋಡಿ ಕೂಡಲೇ ಔಷಧ ಕೊಡುವ ಪದ್ಧತಿ ನಮ್ಮಲ್ಲಿದೆ. ಒಂದೊಂದು ಲಕ್ಷಣಕ್ಕೆ ಒಂದೊಂದು ಬಣ್ಣದ ಔಷಧದ ಕಿಟ್. ಸ್ರಾವಕ್ಕೆ ಬೂದು ಮತ್ತು ಹಸಿರು, ಹುಣ್ಣಿಗೆ ಬಿಳಿ, ನೀಲಿ, ಕೆಂಪು, ಕಿಬ್ಬೊಟ್ಟೆ ನೋವಿಗೆ ಹಳದಿ. ತೊಡೆಸಂದಿಯ ಗೆಡ್ಡೆಗೆ ಕಪ್ಪು, ಏಳನೇ ನಂಬರಿನದು.

ಕಪ್ಪು ಕಿಟ್‌ನಲ್ಲಿ ಇರುವುದು ಒಂದು ಸಲಕ್ಕೆ ನುಂಗುವ 1 ಗ್ರಾಂ ಅಜಿತ್ರೊಮೈಸಿನ್ ಮತ್ತು 100 ಮಿಲಿಗ್ರಾಂನ ಡಾಕ್ಸಿಸೈಕ್ಲಿನ್, ಬೆಳಿಗ್ಗೆ ಒಂದು ಸಂಜೆ ಒಂದರಂತೆ 21 ದಿನಕ್ಕೆ 42. ದುಬಾರಿ ಔಷಧವೇನಲ್ಲ, ಹಳೆಯದು, ಎಲ್ಲ ಕಡೆ ಸಿಗುವಂಥದ್ದು. ತೊಂದರೆ ಇರುವುದು 21 ಎಂಬ ಅಂಕಿಯಲ್ಲಿ. ಜ್ವರ ಒಂದೆರಡು ದಿನದಲ್ಲಿ ಬಿಡುತ್ತದೆ, ವಾರದಲ್ಲಿ ನೋವು ತಗ್ಗುತ್ತದೆ, ಗೆಡ್ಡೆ ಮಾತ್ರ ನಿಧಾನವಾಗಿ ಕರಗುತ್ತದೆ. ಆರಾಮಾಯಿತು ಎಂದು ಹಲವರು ಅಲ್ಲಿಗೇ ನಿಲ್ಲಿಸುತ್ತಾರೆ. ಇನ್ನು ಕೆಲವರು ಆಸ್ಪತ್ರೆ ಬೇಡವೆಂದು ಮೆಡಿಕಲ್ ಶಾಪಿನವನ ಕಿವಿಯಲ್ಲಿ ಹೇಳಿ ಐದು ದಿನದ ಮಾತ್ರೆ ಕಟ್ಟಿಸಿಕೊಂಡು ಹೋಗುತ್ತಾರೆ. ಲಕ್ಷಣ ಅಡಗಿ, ರೋಗ ಒಳಗೆ ಉಳಿಯಲು ಇದಕ್ಕಿಂತ ಅನುಕೂಲದ ದಾರಿ ಇಲ್ಲ. ಮಾತ್ರೆಯನ್ನು ತುಂಬು ಲೋಟ ನೀರಿನ ಜೊತೆ ನುಂಗಬೇಕು, ನುಂಗಿದ ಕೂಡಲೇ ಮಲಗಬಾರದು, ಅನ್ನನಾಳ ಸುಡುತ್ತದೆ. ಬಿಸಿಲಿಗೆ ಚರ್ಮ ಕಂದಬಹುದು. ಗರ್ಭಿಣಿಯರಿಗೆ ಡಾಕ್ಸಿಸೈಕ್ಲಿನ್ ಬೇಡ, ಅವರಿಗೆ ಎರಿತ್ರೊಮೈಸಿನ್‌ನಂಥ ಬೇರೆ ಔಷಧವಿದೆ.

ಕೀವು ತುಂಬಿದ ಗೆಡ್ಡೆಯನ್ನು ಕೊಯ್ಯಬಾರದು ಎಂಬುದು ಇಲ್ಲಿನ ಇನ್ನೊಂದು ಮುಖ್ಯ ನಿಯಮ. ಕುರುವೆಂದು ತಿಳಿದು ನೇರ ಕೊಯ್ದರೆ ಗಾಯ ತಿಂಗಳುಗಟ್ಟಲೆ ಒಣಗದೆ ಸೋರುತ್ತದೆ. ಬದಲಿಗೆ ಗೆಡ್ಡೆಯ ಪಕ್ಕದ, ಆರೋಗ್ಯವಾಗಿರುವ ಚರ್ಮದ ಕಡೆಯಿಂದ ದಪ್ಪ ಸೂಜಿ ತೂರಿಸಿ ಕೀವನ್ನು ಸಿರಿಂಜಿಗೆ ಎಳೆಯುತ್ತಾರೆ. ಬೇಕಾದರೆ ಎರಡು ದಿನ ಬಿಟ್ಟು ಮತ್ತೊಮ್ಮೆ. ಹಾಗೆ ಮಾಡಿದರೆ ತೂತು ತಾನಾಗಿ ಕೂಡಿಕೊಳ್ಳುತ್ತದೆ.

ಭಾರತದಲ್ಲಿ ಕಳೆದ ದಶಕಗಳಲ್ಲಿ ಬ್ಯಾಕ್ಟೀರಿಯಾದಿಂದ ಬರುವ ಲೈಂಗಿಕ ರೋಗಗಳು ಇಳಿದಿವೆ, ಎಲ್‌ಜಿವಿ ಅಪರೂಪವಾಗಿದೆ. ಇದರಲ್ಲಿ ಮಾತ್ರೆಗಳ ಪಾಲು ಎಷ್ಟೋ, ಮಾತಾಡಲು ಜಾಗ ಮಾಡಿಕೊಟ್ಟವರ ಪಾಲೂ ಅಷ್ಟೇ ಎನ್ನಲು ಮೈಸೂರು ಸಾಕ್ಷಿ. ಅಲ್ಲಿ 2004ರಲ್ಲಿ ಶುರುವಾದ ಕೆಲಸ ಮುಂದೆ ಲೈಂಗಿಕ ಕಾರ್ಯಕರ್ತೆಯರೇ ನಡೆಸುವ ಆಶೋದಯ ಸಮಿತಿಯಾಗಿ ಬೆಳೆಯಿತು. ಕ್ಲಿನಿಕ್ಕಿನಲ್ಲಿ ಎದುರುಗೊಳ್ಳುವವರು, ಜೊತೆ ಕೂತು ಮಾತಾಡುವವರು ತಮ್ಮವರೇ. 2004 ಮತ್ತು 2006ರ ಸಮೀಕ್ಷೆಗಳ ನಡುವೆ ಈ ಹೆಂಗಸರಲ್ಲಿ ಸಿಫಿಲಿಸ್ ಶೇ 25ರಿಂದ 12ಕ್ಕೂ, ಕ್ಲಮೀಡಿಯಾ ಶೇ 11ರಿಂದ 5ಕ್ಕೂ ಇಳಿದವು. ಲಾಕ್ ಆಸ್ಪತ್ರೆಗಳ ಬಲವಂತದ ತಪಾಸಣೆ ಎಂದೂ ಕಾಣದ ಫಲ ಇದು.

ಅಪರೂಪವಾಗಿದೆ ಎಂದು ಕಣ್ಣು ತಿರುಗಿಸುವಂತೆಯೂ ಇಲ್ಲ. ಗುದನಾಳದ ಮಾದರಿಯನ್ನು ಹುಡುಕಿ ಪರೀಕ್ಷಿಸುವವರೆಗೆ ನೆದರ್ಲೆಂಡ್ಸ್‌ನಲ್ಲೂ ಅದು ಅಪರೂಪವೇ ಆಗಿತ್ತು. ರಾಜ್ಯದ ದೊಡ್ಡ ವೈದ್ಯಕೀಯ ಕಾಲೇಜುಗಳಾದರೂ ಗುದನೋವು, ರಕ್ತಸ್ರಾವವೆಂದು ಬರುವವರ ಕ್ಲಮೀಡಿಯಾ ಮಾದರಿಗಳಲ್ಲಿ ಬಗೆ ಯಾವುದೆಂದು ನೋಡುವ ವ್ಯವಸ್ಥೆ ಮಾಡಿಕೊಳ್ಳಬೇಕು. ಕರುಳಿನ ತಜ್ಞರು, ಮೂಲವ್ಯಾಧಿ ನೋಡುವ ಸರ್ಜನ್ನರು ಎಲ್‌ಜಿವಿಯ ಹೆಸರನ್ನು ತಮ್ಮ ಪಟ್ಟಿಗೆ ಸೇರಿಸಿಕೊಳ್ಳಬೇಕು. ಸೋಂಕು ಖಚಿತವಾದ ಪ್ರತಿಯೊಬ್ಬರಿಗೂ ಎಚ್‌ಐವಿ, ಸಿಫಿಲಿಸ್ ಪರೀಕ್ಷೆ ಆಗಲೇಬೇಕು, ಏಕೆಂದರೆ ಇವು ಒಟ್ಟೊಟ್ಟಿಗೆ ಬರುತ್ತವೆ.

ಎಲ್ಲಕ್ಕಿಂತ ಕಷ್ಟದ ಕೆಲಸ ಆಪ್ತಸಮಾಲೋಚಕರದು. ಲಕ್ಷಣ ಶುರುವಾಗುವ ಮುಂಚಿನ 60 ದಿನಗಳಲ್ಲಿ ಯಾರ ಜೊತೆ ಸಂಪರ್ಕವಿತ್ತೋ ಅವರೆಲ್ಲರಿಗೂ ತಪಾಸಣೆ, ಔಷಧ ಬೇಕು. ಅವರಲ್ಲಿ ಹೆಂಡತಿಯೂ ಇರುತ್ತಾಳೆ. ಅವಳ ಮೈಮೇಲೆ ಏನೂ ಕಾಣುತ್ತಿರುವುದಿಲ್ಲ, ಅವಳಿಗೆ ಏನೂ ಗೊತ್ತಿರುವುದಿಲ್ಲ. ಗಂಡ ತಲೆ ತಗ್ಗಿಸಿ ‘ಅವಳಿಗೆ ಹೇಳಬೇಡಿ’ ಎನ್ನುತ್ತಾನೆ. ಅವನ ಗುಟ್ಟು ಕಾಯುತ್ತಲೇ ಅವಳನ್ನು ಕರೆತರಲು ಒಪ್ಪಿಸಬೇಕು, ಇಲ್ಲವೇ ಚೀಟಿ ಕೊಟ್ಟು ಅವಳೇ ಬರುವಂತೆ ಮಾಡಬೇಕು. ಬಂದವಳಿಗೆ ಬೇರೆ ಕೋಣೆಯಲ್ಲಿ, ಹೆಂಗಸೊಬ್ಬರು ಕೂತು, ಸೊಂಟ ನೋವಿದೆಯೇ, ಮಲವಿಸರ್ಜನೆಗೆ ಕಷ್ಟವಿದೆಯೇ, ಗರ್ಭಿಣಿಯೇ ಎಂದು ಕೇಳಬೇಕು. ಇಬ್ಬರ ಮಾತ್ರೆಯೂ ಮುಗಿದು ಗೆಡ್ಡೆ ಇಳಿಯುವವರೆಗೆ ದೇಹಸಂಪರ್ಕ ಬೇಡ, ಆಮೇಲೂ ಕಾಂಡೋಮ್ ಇರಲಿ ಎಂದು ತಿಳಿಹೇಳಬೇಕು. ಕ್ಲಿನಿಕ್ ಎಲ್ಲಿದೆ ಎಂದು ತಿಳಿಯದವರು 1097ಕ್ಕೆ ಕರೆ ಮಾಡಿದರೆ ಹತ್ತಿರದ ವಿಳಾಸ ಸಿಗುತ್ತದೆ. ಕರೆಗೆ ದುಡ್ಡಿಲ್ಲ, ಹೆಸರು ಹೇಳಬೇಕಾದ ಅಗತ್ಯವೂ ಇಲ್ಲ.